ಚರೆಗೋವಿಯ ಅಳವು

ಸಂಸ್ಕೃತ ಕಾವ್ಯಗಳಲ್ಲಿ ‘ಬಾಣಪಾತ’ವೆಂಬ ಮಾತೊಂದುಂಟು. ಬಿಟ್ಟ ಬಾಣವು ಹೋಗಿ ಬೀಳುವಷ್ಟು ದೂರವೆಂದು ಅದರ ಅರ್ಥ. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ರಥವನ್ನೋಡಿಸಿಕೊಂಡು ಬಂದು, ಜಿಂಕೆಯು ಆ ಎಲ್ಲೆಯೊಳಕ್ಕೆ ಸಿಕ್ಕಿದ ಕ್ಷಣದಲ್ಲಿಯೇ ತಪಸ್ವಿಗಳು ಅಡ್ಡಬಂದು ಕೈಯೆತ್ತುವರು. ಬಾಣದಿಂದ ಗಾಯಗೊಂಡು ಓಡಿದ ಮೃಗಗಳು ಇರಲಿಲ್ಲವೆಂದಲ್ಲ. ಆದರೆ ಬಿಲ್ಲುಗಾರನಿಗಿದ್ದುದು ಒಂದು ಗುರಿ, ಒಂದು ಬಾಣ. ತಾಗಿತೋ ತಪ್ಪಿತೋ ಎಂಬುದನ್ನು ಅವನು ಬಲ್ಲನು. ಒಂದೇ ಈಡಿಗೆ ಒಂಬತ್ತು ಗುಂಡುಗಳನ್ನುಗುಳುವ ಕೋವಿಯು ಬಂದ ಬಳಿಕ ಈ ಲೆಕ್ಕವು ಕೆಟ್ಟಿತು. ಚರೆಯು ಹಾರುವ ದೂರವೊಂದು, ಕೊಲ್ಲುವ ದೂರವಿನ್ನೊಂದು. ಈ ಎರಡು ದೂರಗಳ ನಡುವೆ ಬಿದ್ದ ಬಿರುಕಿನಿಂದಲೇ ಚರೆಗೋವಿಯ ಜಿಂಕೆಬೇಟೆಯ ಚರಿತ್ರೆಯು ಹುಟ್ಟಿದೆ.

ದೊಡ್ಡ ಚರೆಗೆ ಇಂಗ್ಲಿಷರು ‘ಬಕ್‌ಶಾಟ್’ ಎನ್ನುವರು. ಬಕ್ ಎಂದರೆ ಗಂಡುಜಿಂಕೆ. ಜರ್ಮನರು ಇಟ್ಟ ‘ರೇಪೋಸ್ಟನ್’ ಎಂಬ ಹೆಸರಿನಲ್ಲಿಯೂ ‘ರೇ’ ಎಂಬ ಸಣ್ಣ ಜಾತಿಯ ಜಿಂಕೆಯೇ ಅಡಗಿದೆ. ಹಕ್ಕಿಗಳಿಗೆ ಹೊಡೆಯುವ ಸಣ್ಣ ಚರೆಯನ್ನು ಮಾಡುವ ಸುಲಭೋಪಾಯವನ್ನು ಬ್ರಿಸ್ಟಲ್ ಪಟ್ಟಣದ ವಿಲಿಯಂ ವಾಟ್ಸ್ ಎಂಬಾತನು 1782ರಲ್ಲಿ ತನ್ನ ಹಕ್ಕಾಗಿ ಪಡೆದುಕೊಂಡನು. ಕರಗಿಸಿದ ಸೀಸವನ್ನು ಎತ್ತರದ ಗೋಪುರದಿಂದ ಜರಡಿಯ ಮೂಲಕ ಸುರಿದರೆ, ಹನಿಗಳು ಬೀಳುಬೀಳುತ್ತಲೇ ದುಂಡಾಗಿ ಕೆಳಗಿನ ನೀರಿನಲ್ಲಿ ಗಟ್ಟಿಯಾಗುವುವು. ಜಿಂಕೆಯ ಚರೆಯ ಗಾತ್ರದ ಹನಿಗಳು ಹೀಗೆ ಸರಿಯಾಗಿ ದುಂಡಗಾಗುವುದಿಲ್ಲವಾದುದರಿಂದ ಅವನ್ನು ಅಚ್ಚಿನಲ್ಲಿಯೇ ಎರೆಯಬೇಕಾಯಿತು. ಈಚಿನ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಸೊನ್ನೆಗಳ ಗುರುತಿನ ಚರೆ. ಅದರ ಒಂದೊಂದು ಗುಂಡಿನ ಅಡ್ಡಳತೆಯು ಅಂಗುಲದ ನೂರರಲ್ಲಿ 33 ಪಾಲು, ತೂಕವು ಸುಮಾರು ಮೂರೂವರೆ ಗ್ರಾಮು. ಹನ್ನೆರಡನೆಯ ನಂಬರಿನ ಕೋವಿಯ ಸಾಧಾರಣ ತೋಟೆಯಲ್ಲಿ ಇಂಥವು ಒಂಬತ್ತು ಹಿಡಿಸುವುವು.

ಇನ್ನು ಅಳವಿನ ವಿಚಾರ. ಒಳಗೆ ಗೆರೆಗಳಿಲ್ಲದ ನುಣುಪಾದ ನಳಿಗೆಯಿಂದ ಹೊರಟ ಚರೆಯು ಒಂದು ಗಜ ಮುಂದುವರಿದರೆ ಸುಮಾರು ಒಂದಂಗುಲ ಹರಡುವುದೆಂಬುದು ಬೇಟೆಗಾರರ ಸ್ಥೂಲವಾದ ಲೆಕ್ಕ. ಇಪ್ಪತ್ತು ಗಜದಲ್ಲಿ ಇಪ್ಪತ್ತಂಗುಲದ ವೃತ್ತ, ನಲವತ್ತು ಗಜದಲ್ಲಿ ನಲವತ್ತಂಗುಲದ ವೃತ್ತ. ಜಿಂಕೆಯ ಹೃದಯ ಶ್ವಾಸಕೋಶಗಳಿರುವ ಮರ್ಮಸ್ಥಾನವನ್ನು ಹತ್ತಂಗುಲದ ವೃತ್ತವೆಂದು ಉದಾರವಾಗಿಯೇ ಭಾವಿಸೋಣ. ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗವನ್ನನುಸರಿಸಿ ಬೆಳೆಯುವುದು ಶಾಲೆಯ ಹುಡುಗರಿಗೂ ತಿಳಿದ ವಿಷಯ. ಆದುದರಿಂದ ಇಪ್ಪತ್ತು ಗಜದಲ್ಲಿ ಚರೆಯು ಹರಡಿದ ವೃತ್ತವು ಮರ್ಮಸ್ಥಾನದ ನಾಲ್ಕರಷ್ಟು. ಒಂಬತ್ತು ಗುಂಡುಗಳಲ್ಲಿ ಎರಡೂಕಾಲು ಅದರ ಪಾಲಿಗೆ ಬರುವುವು. ಮೂವತ್ತು ಗಜದಲ್ಲಿ ಒಂಬತ್ತರಷ್ಟು. ಪಾಲಿಗೆ ಒಂದೇ ಗುಂಡು. ನಲವತ್ತು ಗಜದಲ್ಲಿ ಹದಿನಾರರಷ್ಟು. ಪಾಲಿಗೆ ಅರ್ಧಕ್ಕಿಂತ ತುಸು ಹೆಚ್ಚು. ಅರ್ಧ ಗುಂಡೆಂಬುದು ಗಣಿತದಲ್ಲುಂಟು, ಕಾಡಿನಲ್ಲಿಲ್ಲ. ಎರಡು ಈಡುಗಳಲ್ಲಿ ಒಂದರಲ್ಲಿ ಮರ್ಮಕ್ಕೆ ಏನೂ ತಗಲದೆ, ಉಳಿದ ಗುಂಡುಗಳು ಹೊಟ್ಟೆಗೋ ತೊಡೆಗೋ ಕಾಲಿಗೋ ಹೊಕ್ಕುವೆಂದು ಅದರ ತಾತ್ಪರ್ಯ. ಚರೆಯು ನಡುವಿನಲ್ಲಿ ಒತ್ತಾಗಿ ಅಂಚಿನಲ್ಲಿ ವಿರಳವಾಗಿ ಬೀಳುವುದರಿಂದ ನಿಜವಾದ ಫಲವು ಇದಕ್ಕಿಂತ ಸ್ವಲ್ಪ ಮೇಲೆಂಬುದನ್ನು ಒಪ್ಪಬೇಕು. ಆದರೆ ದುಂಡಗಿನ ಸಣ್ಣ ಗುಂಡು ಗಾಳಿಯನ್ನು ಸೀಳುವುದರಲ್ಲಿ ಬಲು ದುರ್ಬಲ. ನಲವತ್ತು ಗಜದೊಳಗೆ ತನ್ನ ವೇಗದ ಐದರಲ್ಲೊಂದು ಪಾಲನ್ನು ಕಳೆದುಕೊಳ್ಳುವುದು. ಆದುದರಿಂದಲೇ ಎಚ್ಚರಿಕೆಯುಳ್ಳ ಬೇಟೆಗಾರರು ಸಾಧಾರಣ ನಳಿಗೆಗೆ ಇಪ್ಪತ್ತೈದು ಮೂವತ್ತು ಗಜಗಳನ್ನೂ, ಕಾಗದದ ಮೇಲೆ ಹೊಡೆದು ಪರೀಕ್ಷಿಸಿದ ಒಳ್ಳೆಯ ನಳಿಗೆಗೆ ನಲವತ್ತು ಗಜಗಳನ್ನೂ ಎಲ್ಲೆಯಾಗಿ ಇಟ್ಟುಕೊಂಡರು.

ಹಾಗಾದರೆ ಚರೆಯು ಅಲ್ಲಿಯೇ ನಿಲ್ಲುವುದೆ? ಫ್ರೆಂಚ್ ಸೇನಾಪತಿ ಜೂರ್ನೇ ಎಂಬಾತನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವೊಂದುಂಟು: ಗುಂಡಿನ ಅಡ್ಡಳತೆಯ ಅಂಗುಲಗಳನ್ನು 2200ರಿಂದ ಗುಣಿಸಿದರೆ ಅದು ಹಾರಬಲ್ಲ ಗಜಗಳ ಸಂಖ್ಯೆಯು ದೊರೆಯುವುದು. ಎರಡು ಸೊನ್ನೆಯ ಚರೆಗೆ ಇದು 700 ಗಜವನ್ನು ಮೀರುವುದು. ಮೂವತ್ತು ಗಜದಲ್ಲಿ ಕೊಲ್ಲುವ ಶಸ್ತ್ರವು ಏಳುನೂರು ಗಜದಲ್ಲಿಯೂ ಯಾರ ಮೈಮೇಲಾದರೂ ಬೀಳಬಹುದು. ಹಳು ನುಗ್ಗುವ ಆಳುಗಳ ಕಡೆಗೆ ಕೋವಿಯನ್ನು ತಿರುಗಿಸಬಾರದೆಂಬ ಕಟ್ಟಳೆಯು ಬೇಟೆಯಿದ್ದ ಕಡೆಗಳಲ್ಲೆಲ್ಲ ಏಕಿತ್ತೆಂಬುದು ಇದರಿಂದ ತಿಳಿಯುವುದು.

ಈ ಚರೆಯ ನಿಜವಾದ ತೌರುಮನೆಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗ. ಅಲ್ಲಿ ಅದು ಯುದ್ಧದಲ್ಲಿಯೂ ಬಳಕೆಗೊಂಡಿತ್ತು. 1777ರ ಅಕ್ಟೋಬರಿನಲ್ಲಿ ಜಾರ್ಜ್ ವಾಷಿಂಗ್ಟನ್ನನು ತನ್ನ ಸೈನ್ಯಕ್ಕಾಗಿ ಮುಂದೆ ಮಾಡುವ ತೋಟೆಗಳಲ್ಲೆಲ್ಲ ಜಿಂಕೆಯ ಚರೆಯನ್ನು ಸೇರಿಸಬೇಕೆಂದು ಅಪ್ಪಣೆ ಮಾಡಿದನು. ಬೇಟೆಯ ವಿಷಯದಲ್ಲಿ ದಕ್ಷಿಣ ಕೆರೊಲೈನಾದ ಜಮೀನುದಾರ ವಿಲಿಯಂ ಎಲಿಯಟ್ಟನು 1846ರಲ್ಲಿ ಪ್ರಕಟಿಸಿದ ಗ್ರಂಥವು ಹೆಸರಾದುದು. ಆ ಸೀಮೆಯ ಜೌಗುಕಾಡುಗಳಲ್ಲಿ ನಾಯಿಗಳು ಜಿಂಕೆಯನ್ನೆಬ್ಬಿಸಿ ಅಟ್ಟುವುವು. ಜೋಡುನಳಿಗೆಯ ಕೋವಿ ಹಿಡಿದವರು ದಾರಿಗಳಲ್ಲಿ ಕಾದು ನಿಂತಿರುವರು. ನಮ್ಮ ಮಲೆನಾಡಿನಲ್ಲಿ ‘ಬಿಲ್ಲಿಗೆ ಕೂರುವುದು’ ಎಂದು ಹೇಳುತ್ತಿದ್ದುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಪೊದೆಯು ದಟ್ಟವಾಗಿರುವಲ್ಲಿ ಜಿಂಕೆಯು ಕಣ್ಣಿಗೆ ಬೀಳುವುದೇ ಇಪ್ಪತ್ತು ಮೂವತ್ತು ಗಜದಲ್ಲಿ, ಅದೂ ಓಡುತ್ತಿರುವಾಗ. ಅಲ್ಲಿ ಚರೆಯು ತಕ್ಕ ಶಸ್ತ್ರವೇ ಸರಿ. ಕೇಡು ಹುಟ್ಟಿದ್ದು, ಪೊದೆಯಲ್ಲಿ ಕಲಿತ ಅಭ್ಯಾಸವನ್ನು ಬಯಲಿಗೂ ಕೊಂಡೊಯ್ದಾಗ.

ಅಳವನ್ನು ಹಿಗ್ಗಿಸಬೇಕೆಂಬ ಆಸೆಯಿಂದ ಪಟ್ಟ ಪ್ರಯತ್ನಗಳು ವಿನೋದವಾಗಿವೆ. ಲಂಡನ್ನಿನಲ್ಲಿ 1828ರಲ್ಲಿ ಕೆಲಸವನ್ನಾರಂಭಿಸಿದ ಎಲಿ ಸಹೋದರರು ಚರೆಯನ್ನು ತಂತಿಯ ಬಲೆಯಲ್ಲಿ ಕಟ್ಟಿ ತುಂಬುವ ತೋಟೆಯನ್ನು ಮಾರಿದರು. ಬಲೆಯು ದಾರಿಯಲ್ಲಿ ಮೆಲ್ಲನೆ ಬಿಚ್ಚಿಕೊಂಡು ಚರೆಯನ್ನು ದೂರದವರೆಗೆ ಒಟ್ಟಾಗಿ ಒಯ್ಯಬೇಕೆಂಬುದು ಉದ್ದೇಶ. ಆದರೆ ಕೆಲವು ಸಲ ಅದು ಬಿಚ್ಚಿಕೊಳ್ಳದೆ, ಚರೆಯೆಲ್ಲವೂ ಒಂದೇ ಉಂಡೆಯಾಗಿ ಹೋಗುತ್ತಿತ್ತು. ಬಳಿಕ ನಳಿಗೆಯ ತುದಿಯನ್ನೇ ಕೊಂಚ ಕಿರಿದುಮಾಡುವ ‘ಚೋಕ್’ ಎಂಬ ಉಪಾಯವು ಬಂದಿತು. ನ್ಯೂಕಾಸಲ್ಲಿನ ಪೇಪನು 1866ರಲ್ಲಿ ಅದಕ್ಕೆ ಸನ್ನದು ಪಡೆದನು. ಬರ್ಮಿಂಗ್‌ಹ್ಯಾಮಿನ ಗ್ರೀನರನು 1874ರ ಸುಮಾರಿನಲ್ಲಿ ಅದನ್ನು ನೆಲೆಗೊಳಿಸಿದನು. ಅಮೆರಿಕಾದಲ್ಲಿ ಇಲಿನಾಯಿ ಪ್ರಾಂತದ ಫ್ರೆಡ್ ಕಿಂಬಲನೇ ಇದನ್ನು ಕಂಡುಹಿಡಿದವನೆಂದು ಅಲ್ಲಿಯವರು ವಾದಿಸುವರು. ಹಕ್ಕಿಯ ಚರೆಗೆ ಇದರಿಂದಾದ ಲಾಭವು ಅದ್ಭುತ. ಜಿಂಕೆಯ ಚರೆಯಾದರೋ ದಪ್ಪ ಕಾಳು. ಕಿರಿದಾದ ಬಾಯಿಯಲ್ಲಿ ಒಂದನ್ನೊಂದು ನೂಕಿಕೊಂಡು ಚಪ್ಪಟೆಯಾಗಿ ಹೊರಬಂದು ದಿಕ್ಕಾಪಾಲಾಗುವುದೂ ಉಂಟು. ಗುಂಡುಗಳ ಸಂದುಗಳಲ್ಲಿ ಪುಡಿಯನ್ನು ತುಂಬಿ ಈ ದೋಷವನ್ನು ತಕ್ಕಮಟ್ಟಿಗೆ ನೀಗಿಸಿದ್ದು 20ನೆಯ ಶತಮಾನದಲ್ಲಿ. ಆಗಲೂ ಅಳವು ಹತ್ತು ಹದಿನೈದು ಗಜ ಬೆಳೆಯಿತೇ ಹೊರತು ನೂರು ಗಜವಾಗಲಿಲ್ಲ.

ಬುದ್ಧಿಯುಳ್ಳವರು ಬೇರೆ ದಾರಿಯನ್ನು ಹಿಡಿದರು. ಒಂಬತ್ತು ಗುಂಡುಗಳನ್ನು ಬಿಟ್ಟು, ಅದೇ ಕೋವಿಯಿಂದ ಒಂದೇ ದೊಡ್ಡ ಗುಂಡನ್ನು ಹಾರಿಸುವುದು. ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆಯು 1898ರಲ್ಲಿ ಇಂಥ ಒಂಟಿಗುಂಡನ್ನು ನಿರ್ಮಿಸಿದನು. ಅಮೆರಿಕಾದಲ್ಲಿ ಫಾಸ್ಟರನ ಗುಂಡು 1931ರಲ್ಲಿ ಬಂದಿತು. ಮತ್ತೆ ಬಿಲ್ಲುಗಾರನ ಸ್ಥಿತಿಗೇ ಬಂದಂತಾಯಿತು: ಒಂದು ಗುರಿ, ಒಂದು ಗುಂಡು. ಕಾನೂನುಗಳು ಈ ದಾರಿಯನ್ನೇ ಅನುಸರಿಸಿದುವು. ಜರ್ಮನಿಯ 1952ರ ಬೇಟೆಯ ಕಾನೂನು ಗೊರಸುಳ್ಳ ಬೇಟೆಮೃಗಗಳ ಮೇಲೆ ಚರೆಯನ್ನು ಹಾರಿಸುವುದನ್ನೇ ನಿಷೇಧಿಸಿತು. ಇಂಗ್ಲೆಂಡಿನ 1991ರ ಜಿಂಕೆಯ ಕಾನೂನು ಬೆಳೆಯನ್ನು ಕಾಯುವ ರೈತನಿಗೆ ಕೆಲವು ಕಟ್ಟಳೆಗಳೊಡನೆ ವಿನಾಯಿತಿಯಿತ್ತು, ಉಳಿದಂತೆ ನುಣುಪು ನಳಿಗೆಯನ್ನು ತಡೆಯಿತು. ಅಮೆರಿಕಾದಲ್ಲಿ ಪ್ರಾಂತಕ್ಕೊಂದು ನ್ಯಾಯ: ಒಹೈಯೋ ಪ್ರಾಂತವು ಒಂಟಿಗುಂಡನ್ನಲ್ಲದೆ ಚರೆಯನ್ನೊಪ್ಪದು, ನ್ಯೂ ಜರ್ಸಿಯು ಚರೆಯನ್ನು ಒಪ್ಪುವುದು.

ನಮ್ಮ ನಾಡಿನಲ್ಲಿ ಚರೆಯ ಕಥೆಯು ಹಳ್ಳಿಯ ಕೇಪಿನ ಕೋವಿಯೊಡನೆ ಹೆಣೆದುಕೊಂಡಿದೆ. ಮದ್ದನ್ನು ಸುರಿದು, ನಾರನ್ನು ಜಡಿದು, ಮೇಲೆ ಒಂದು ಹಿಡಿ ಚರೆಯನ್ನು ಹಾಕುವ ಈ ಕೋವಿಗೆ ಒಂದು ಈಡಿನಂತೆ ಇನ್ನೊಂದು ಈಡಿಲ್ಲ, ಅಳತೆಯೆಲ್ಲವೂ ಅಂಗೈಯದು. ಗದ್ದೆಗೆ ನುಗ್ಗಿದ ಕಡವೆಗೆ ಬದುವಿನ ಮರೆಯಿಂದ ಹತ್ತು ಗಜದಲ್ಲಿ ಹೊಡೆಯುವವನಿಗೆ ಇಷ್ಟು ಸಾಕಾಗಿತ್ತು. ಮೈಸೂರು ಸಂಸ್ಥಾನವು ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ 1901ರಲ್ಲಿಯೇ ಒಂದು ರೆಗ್ಯುಲೇಷನ್ನನ್ನು ಮಾಡಿತು. ಸ್ವತಂತ್ರ ಭಾರತದ 1972ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ 17ನೆಯ ಪ್ರಕರಣವು ಚರೆಗೋವಿಯ ಅಳವನ್ನೇ ಕಣ್ಣಮುಂದಿಟ್ಟುಕೊಂಡು ಬರೆದಂತಿದೆ. ಕಡವೆ, ಚುಕ್ಕೆಜಿಂಕೆ ಮೊದಲಾದುವು ಸೇರಿದ್ದ ‘ದೊಡ್ಡ ಬೇಟೆ’ಯ ವರ್ಗವನ್ನು ರೈಫಲಿನಿಂದಲೇ ಹೊಡೆಯತಕ್ಕದ್ದು, ನುಣುಪು ನಳಿಗೆಯ ಕೋವಿಯನ್ನು ಬಳಸುವುದಾದರೆ ಲೈಸೆನ್ಸಿನಲ್ಲಿ ವಿಶೇಷವಾದ ಅಪ್ಪಣೆಯಿರಬೇಕು, ಅದೂ ಒಂಟಿಗುಂಡಿನಿಂದಲೇ ಆಗಬೇಕು. ಚರೆಗೆ ಅಲ್ಲಿ ಎಡೆಯೇ ಇರಲಿಲ್ಲ. ಕಾನೂನಿನ ಪುಸ್ತಕದಲ್ಲಿ ಅಂಥ ಮಾತನ್ನು ಬರೆದವನು ಗಾಯಗೊಂಡ ಜಿಂಕೆಯ ನೆತ್ತರಿನ ಜಾಡನ್ನು ಒಮ್ಮೆಯಾದರೂ ಹಿಡಿದು ನಡೆದವನಿರಬೇಕು. 1991ರ ತಿದ್ದುಪಡಿಯಿಂದ ವಿನೋದದ ಬೇಟೆಯು ನಿಂತುಹೋಗಿ, ಆ ಪ್ರಕರಣವನ್ನೇ ಕಾನೂನಿನಿಂದ ತೆಗೆದುಹಾಕಲಾಯಿತು.

ಕೋವಿಯು ಮಾತ್ರ ಎಲ್ಲೆಲ್ಲಿಯೂ ಮನೆಬಿಟ್ಟು ಹೋಗಲಿಲ್ಲ. ಕೊಡಗಿನವರಿಗೆ 1861ರಲ್ಲಿ ದೊರೆತ ಶಸ್ತ್ರದ ವಿನಾಯಿತಿಯು ಹಲವು ತಿದ್ದುಪಡಿಗಳೊಡನೆ ಉಳಿದುಬಂದಿದೆ. ಕೈಲ್ ಮುಹೂರ್ತದ ದಿನ ಅಲ್ಲಿಯ ಮನೆಗಳಲ್ಲಿ ಕೋವಿಗಳನ್ನು ತೊಳೆದು ಸಾಲಾಗಿಟ್ಟು, ‘ತೋಕ್ ಪೂ’ ಎಂದು ಕರೆಯುವ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುವರು. ಹಿಂದೆ ಆ ಪೂಜೆಯ ಬೆನ್ನಿಗೇ ಬೇಟೆಗೆ ಹೊರಡುವ ವಾಡಿಕೆಯಿತ್ತು. ಈಗ ಗಂಡಸರೂ ಹೆಂಗಸರೂ ಬಯಲಿನಲ್ಲಿ ಸೇರಿ, ದೂರದಲ್ಲಿಟ್ಟ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು.