ಯಾಣದ ಕಾಲುದಾರಿ

"ಸೊಕ್ಕಿದ್ದವರಿಗೆ ಯಾಣ, ರೊಕ್ಕಿದ್ದವರಿಗೆ ಗೋಕರ್ಣ" ಎಂಬ ಗಾದೆ ಉತ್ತರ ಕನ್ನಡದವರಿಗೆಲ್ಲ ಬಾಯಿಪಾಠ. ಗೋಕರ್ಣಕ್ಕೆ ಹೋದವರು ಭಟ್ಟರ ಮನೆಯಲ್ಲಿ ಉಳಿಯಬೇಕು, ಪೂಜೆ ಮಾಡಿಸಬೇಕು, ದಕ್ಷಿಣೆ ಇಡಬೇಕು. ಗಂಟಿನಲ್ಲಿ ನಾಲ್ಕು ಕಾಸಿಲ್ಲದೆ ಆಗದ ಮಾತು. ಯಾಣಕ್ಕೆ ಕಾಸು ಬೇಡ. ಮೊಣಕಾಲಿನಲ್ಲಿ ಕಸುವು ಬೇಕು, ಕಾಡಿಗೆ ಹೆದರದ ಎದೆ ಬೇಕು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಷ್ಟು ಕಾಲವೂ ನಾನು ಈ ಗಾದೆಯನ್ನು ಮಕ್ಕಳ ಮುಂದೆ ಒಂದು ದಾಖಲೆಯಾಗಿಯೇ ಇಡುತ್ತಿದ್ದೆ. ಬನವಾಸಿಗೆ ಕದಂಬರಿದ್ದಾರೆ, ಗೇರುಸೊಪ್ಪೆಗೆ ಚೆನ್ನಭೈರಾದೇವಿ ಇದ್ದಾಳೆ, ಸೋಂದೆಗೆ ನಾಯಕರಿದ್ದಾರೆ. ಯಾಣಕ್ಕೆ ಹೇಳಿಕೊಳ್ಳಲು ಒಬ್ಬ ಅರಸನಿಲ್ಲ. ಅಲ್ಲಿಯ ಗುಡಿಯ ಗೋಡೆ, ಗೋಪುರ ಎರಡೂ ಬಂಡೆಯೇ. ಹಾಗಾಗಿ ಅದರ ಇತಿಹಾಸ ಅಲ್ಲಿಗೆ ನಡೆದು ಹೋದವರ ದಾರಿಯಲ್ಲಿದೆ ಎಂಬುದು ನನ್ನ ನಂಬಿಕೆ. ಆ ದಾರಿ ಈಗ ಅಳಿಯುತ್ತಿದೆ ಎಂಬುದು ನನ್ನ ಸಂಕಟ.

ಕುಮಟಾದಿಂದ 30 ಕಿಲೋಮೀಟರ್ ಆಸುಪಾಸು, ಶಿರಸಿಯಿಂದ 40. ಸಹ್ಯಾದ್ರಿಯ ಪಡುವಣ ಇಳಿಜಾರಿನ ದಟ್ಟ ಕಾಡಿನೊಳಗೆ ಎರಡು ಕರಿಬಂಡೆಗಳು ಎದ್ದು ನಿಂತಿವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುತ್ತಲಿನ ಮರಗಳ ನಡುವೆ ಇನ್ನೂ ಹತ್ತಾರು ಸಣ್ಣ ಕಲ್ಲುಗಳಿವೆ, ಪ್ರವಾಸಿಗರು ಅವನ್ನು ನೋಡುವುದಿಲ್ಲ. ಈಗ ವಾಹನ ಬಹಳ ಹತ್ತಿರದವರೆಗೆ ಹೋಗುತ್ತದೆ, ಕೊನೆಯಲ್ಲಿ ಮೆಟ್ಟಿಲು ಹತ್ತಿದರಾಯಿತು. ನನಗೆ ಬೇಕಿದ್ದದ್ದು ಹಳೆಯ ಕಾಲುದಾರಿ. ಪುಷ್ಯ ಮಾಸದ ಚಳಿಯಲ್ಲಿ, ಆ ಕಡೆಯ ಹಳ್ಳಿಯವನೇ ಆದ ಒಬ್ಬ ಹುಡುಗನನ್ನು ದಾರಿ ತೋರಿಸಲು ಕರೆದುಕೊಂಡು ಬೆಳಗಿನ ಆಸರಿ ಮುಗಿಸಿ ಹೊರಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಹಿಂದಿರುಗುವ ನಡಿಗೆ. ಮಳೆಗಾಲವಾಗಿದ್ದರೆ ಉಂಬಳ, ಬೇಸಿಗೆಯಾದರೆ ಉಣುಗು. ಶಿವರಾತ್ರಿಯವರೆಗಿನ ಈ ಒಣ ತಿಂಗಳುಗಳೇ ಆ ಕಾಡಿನಲ್ಲಿ ಮನುಷ್ಯರು ಸುಖವಾಗಿ ನಡೆಯುವ ಕಾಲ. ಜಾತ್ರೆ ಶಿವರಾತ್ರಿಗೆ ಬಿದ್ದಿರುವುದು ಕಾಲು ನಡಿಗೆಯವರಿಗೆ ಎಷ್ಟು ಅನುಕೂಲವಾಗಿತ್ತೆಂಬುದು ಹಳ್ಳದ ಒಣ ಕಲ್ಲುಗಳ ಮೇಲೆ ಕಾಲಿಟ್ಟು ದಾಟುವಾಗ ತಿಳಿಯುತ್ತದೆ.

ಅರ್ಧ ಗಂಟೆ ಹತ್ತಿದ ಮೇಲೆ ಹುಡುಗ ಕತ್ತಿಯಿಂದ ಬಳ್ಳಿ ಸವರಿ ಒಂದು ಕಲ್ಲು ತೋರಿಸಿದ. ಎರಡು ನಿಲುಗಲ್ಲುಗಳ ಮೇಲೆ ಅಡ್ಡ ಹಾಸಿದ ಚಪ್ಪಡಿ, ಆಳೆತ್ತರಕ್ಕೆ ತುಸು ಕಡಿಮೆ. ಹೊರೆಗಲ್ಲು. "ಇದ್ರ ಮೇಲೆ ಹೊರೆ ಇಳ್ಸುದು, ಉಸ್ರು ತಕ್ಕಂಡು ಮತ್ತೆ ಯಾರ ಸಹಾಯನೂ ಇಲ್ದೆ ತಲೆಗೆ ಏರಿಸ್ಕಳ್ಳುದು" ಎಂದ. ಚಪ್ಪಡಿಯ ಮೇಲಂಚನ್ನು ಬೆರಳಿನಿಂದ ಸವರಿದೆ. ನಡುಭಾಗ ನುಣುಪಾಗಿ ತಗ್ಗಾಗಿತ್ತು. ಎರಡೂ ಕೊನೆಯಲ್ಲಿ ಮಾತ್ರ ಕಲ್ಲಿನ ಒರಟು ಉಳಿದಿತ್ತು. ಎಷ್ಟು ಜನರ ಅಕ್ಕಿಮೂಟೆ, ಮೆಣಸಿನ ಚೀಲ, ಉಪ್ಪಿನ ಹೆಡಿಗೆ ಜಾರಿದರೆ ಕಲ್ಲು ಹೀಗೆ ಸವೆಯುತ್ತದೆ? ಜಾತ್ರೆಯ ಜನ ನಡೆದ ದಾರಿ ಬರೀ ಭಕ್ತರ ದಾರಿ ಆಗಿರಲಿಲ್ಲ ಎಂಬುದಕ್ಕೆ ಆ ತಗ್ಗೇ ಸಾಕ್ಷಿ.

ಘಟ್ಟದ ಮೇಲಿನವರಿಗೆ ಉಪ್ಪು, ಒಣಮೀನು, ತೆಂಗಿನಕಾಯಿ ಬೇಕು. ಕೆಳಗಿನವರಿಗೆ ಮೆಣಸು, ಅಡಿಕೆ, ಜೇನು, ಬೆತ್ತ ಬೇಕು. ಸಾಣಿಕಟ್ಟೆಯ ಉಪ್ಪು ಅಘನಾಶಿನಿಯ ಹಿನ್ನೀರಿನಲ್ಲಿ ದೋಣಿಯೇರಿ ಉಪ್ಪಿನಪಟ್ಟಣದವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ದೋಣಿ ಸಾಗದು. ಹೇರೆತ್ತು ಮತ್ತು ಮನುಷ್ಯರ ತಲೆ. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರಲ್ಲ, ಆ ಮೆಣಸು ಮಿರ್ಜಾನಿನಂಥ ಬಂದರುಗಳಿಗೆ ಇಳಿದದ್ದು ಇಂಥ ಜಾಡುಗಳಲ್ಲೇ. ಯಾಣದ ಬುಡದಲ್ಲಿ ಹುಟ್ಟುವ ಚಂಡಿಹೊಳೆ ಇದೇ ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಯನ್ನು ಸೇರುತ್ತದೆ. ನೀರು ಇಳಿದ ದಿಕ್ಕಿನಲ್ಲೇ ಸರಕೂ ಇಳಿಯಿತು, ಉಪ್ಪು ಅದೇ ದಿಕ್ಕನ್ನು ಎದುರಿಸಿ ಹತ್ತಿತು. ದೇವರ ದಾರಿ ಎಂದು ಬೇರೆಯದನ್ನು ಯಾರೂ ಕಡಿದಂತೆ ಕಾಣುವುದಿಲ್ಲ.

ಕಾಡು ತುಸು ತೆರೆದಲ್ಲಿ ಭೈರವೇಶ್ವರ ಶಿಖರ ಒಮ್ಮೆಲೇ ಎದುರಾಗುತ್ತದೆ. ಕತ್ತು ಹಿಂದಕ್ಕೆ ವಾಲಿಸಿದರೂ ತುದಿ ಪೂರ್ತಿ ಸಿಗದು. ಮೈಯೆಲ್ಲ ಮೇಲಿನಿಂದ ಕೆಳಗೆ ಗೆರೆ ಕೊರೆದಂತೆ ಸೀಳು, ತುದಿಯಲ್ಲಿ ಚೂಪು ಕೊಂಬುಗಳು, ನಡುನಡುವೆ ತೊಟ್ಟಿಲಿನಂತೆ ಜೋತ ಹೆಜ್ಜೇನಿನ ಹುಟ್ಟುಗಳು. ಧಾರವಾಡ ಶಿಲಾವರ್ಗಕ್ಕೆ ಸೇರಿದ ಈ ಸುಣ್ಣಕಲ್ಲಿಗೆ 250 ಕೋಟಿ ವರ್ಷಕ್ಕೂ ಮಿಕ್ಕಿದ ಪ್ರಾಯ. ಒಂದಾನೊಂದು ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು, ನೆಲದ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಯಿತು, ಮೇಲೆದ್ದಿತು. ಆಮೇಲಿನ ಕೆಲಸವೆಲ್ಲ ಮಳೆಯದು. ಈ ಇಳಿಜಾರಿನಲ್ಲಿ ವರ್ಷಕ್ಕೆ 300 ಸೆಂಟಿಮೀಟರಿಗೂ ಹೆಚ್ಚು ಸುರಿಯುತ್ತದೆ. ಮಳೆನೀರು ಗಾಳಿಯಿಂದಲೂ ಕೊಳೆತ ತರಗೆಲೆಯಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತೀರಾ ತೆಳು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಬಿರುಕು ಸಿಕ್ಕಲ್ಲೆಲ್ಲ ನೀರು ಇಳಿದು ಅದನ್ನು ಅಗಲ ಮಾಡುತ್ತಾ ಹೋಯಿತು. ಕರಗಿದ್ದು ಹೊಳೆ ಸೇರಿತು, ಕರಗದೆ ನಿಂತದ್ದು ಯಾಣವಾಯಿತು. ಹತ್ತಿರದ ವಿಭೂತಿ ಜಲಪಾತದಲ್ಲಿ ಆ ಕರಗಿದ ಸುಣ್ಣದ ಒಂದಂಶ ಮತ್ತೆ ಬಂಡೆಗಳ ಮೇಲೆ ಬೆಳ್ಳಗೆ ಕೂತಿರುವುದನ್ನು ನೋಡಬಹುದು.

ಜನರ ಕಥೆ ಇದಕ್ಕೆ ಬೆಂಕಿಯನ್ನು ಕಾರಣ ಮಾಡುತ್ತದೆ. ಭಸ್ಮಾಸುರ ಶಿವನನ್ನೇ ಅಟ್ಟಿಕೊಂಡು ಬಂದದ್ದು ಇಲ್ಲಿಗೆ. ವಿಷ್ಣು ಮೋಹಿನಿಯಾಗಿ ಕುಣಿದು, ಅವನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ್ದು ಇಲ್ಲಿ. ಅವನು ಉರಿದ ಕಾವಿಗೆ ಬಂಡೆ ಕರಿದಾಯಿತು, ಸುತ್ತಲಿನ ಸಡಿಲ ಕಪ್ಪು ಮಣ್ಣು ಅವನದೇ ಬೂದಿ. ಹುಡುಗ ಒಂದು ಹಿಡಿ ಮಣ್ಣೆತ್ತಿ ಬೆರಳ ಸಂದಿನಿಂದ ಸೋರಿಸಿ ತೋರಿಸುತ್ತಾ ಇದನ್ನೆಲ್ಲ ಹೇಳಿದ, ಕಣ್ಣಾರೆ ಕಂಡವರ ಧಾಟಿಯಲ್ಲಿ. ಭೂವಿಜ್ಞಾನದ ಪಾಠವನ್ನೂ ಅವನು ಬಲ್ಲ, ಕೇಳಿದವರಿಗೆ ಅದನ್ನೂ ಹೇಳುತ್ತಾನೆ. ಎರಡನ್ನೂ ಒಂದೇ ಶ್ರದ್ಧೆಯಿಂದ ಹೇಳಬಲ್ಲವನಿಗೆ ನನ್ನ ಗೌರವವಿದೆ.

ಚಪ್ಪಲಿ ಕಳಚಿ ಒಳಗೆ ಹೋದೆವು. ಗವಿಯಲ್ಲಿ ಭೈರವೇಶ್ವರನ ಸ್ವಯಂಭೂ ಲಿಂಗ, ಅದರ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಚಂಡಿಕೆಯ ಮೂರ್ತಿಯೂ ಇದೆ. ಹಿಂದಿನಿಂದ ಹೊರಟರೆ ಸೀಳಿನೊಳಗೇ ಪ್ರದಕ್ಷಿಣೆ. ಎರಡೂ ಪಕ್ಕದ ಬಂಡೆ ಮೇಲೆ ಹೋಗುತ್ತಾ ಹತ್ತಿರವಾಗಿ ಆಕಾಶ ಒಂದು ಗೀರಾಗಿ ಉಳಿಯುತ್ತದೆ. ಬಾವಲಿಯ ವಾಸನೆ, ಅಂಗಾಲಿಗೆ ತಣ್ಣನೆಯ ಕಲ್ಲು. ಗೋಡೆ ಮುಟ್ಟಿದರೆ ಅಂಚುಗಳು ಇನ್ನೂ ಹರಿತ. ಆದರೆ ಕೈ ಊರಲು ಸಹಜವಾಗಿ ಸಿಗುವ ಕೆಲವು ಮೂಲೆಗಳು, ಎಲ್ಲರ ಅಂಗೈಯೂ ಹೋಗುವ ಜಾಗಗಳು, ಎಣ್ಣೆ ಸವರಿದಷ್ಟು ನಯವಾಗಿವೆ. ನನ್ನ ಅಜ್ಜಿ ಮಿರ್ಜಾನಿನ ಕಡೆಯ ತನ್ನ ಊರಿನಿಂದ ಅವಲಕ್ಕಿ ಬೆಲ್ಲದ ಗಂಟು ಕಟ್ಟಿಕೊಂಡು, ಊರವರ ಗುಂಪಿನಲ್ಲಿ, ಇಲ್ಲಿಗೆ ನಡೆದು ಬಂದಿದ್ದಳು. ಅವಳು ಬರಿಗೈ ಊರಿದ್ದೂ ಇಲ್ಲಿಯೇ ಇರಬೇಕು.

ಅಜ್ಜಿಯ ಗುಂಪು ಯಾಣದಲ್ಲಿ ನಿಲ್ಲುತ್ತಿರಲಿಲ್ಲ. ಶಿವರಾತ್ರಿಯ ಜಾತ್ರೆ ಇಲ್ಲಿ ಹತ್ತು ದಿನ. ಯಕ್ಷಗಾನದ ಆಟವಾಗುತ್ತದೆ, ಅಂಗಡಿ ಕೂರುತ್ತವೆ. ಆದರೆ ಯಾತ್ರೆಯ ಮುಖ್ಯ ಅಂಗ ಇನ್ನೊಂದು. ಗವಿಯ ತೀರ್ಥವನ್ನು ತುಂಬಿಕೊಂಡು ಗೋಕರ್ಣಕ್ಕೆ ಒಯ್ದು ಮಹಾಬಲೇಶ್ವರನ ಅಭಿಷೇಕಕ್ಕೆ ಅರ್ಪಿಸಬೇಕು. ಅಲ್ಲಿಗೆ ಗಾದೆಯ ಎರಡೂ ಕ್ಷೇತ್ರಗಳು ಒಂದೇ ನಡಿಗೆಯ ಎರಡು ತುದಿಗಳಾದವು: ಕಾಡಿನ ನೆತ್ತಿಯಲ್ಲಿ ಒಂದು, ಕಡಲ ದಂಡೆಯಲ್ಲಿ ಒಂದು. ಕಾಸಿಲ್ಲದವರೂ ಕಾಲ ಬಲದಿಂದ ತಂದ ನೀರನ್ನು ಹಿಡಿದು ಗೋಕರ್ಣಕ್ಕೆ ಹೋಗುತ್ತಿದ್ದರು. ಯಾಣದ ಬಗ್ಗೆ ಬರೆಯುವವರು ಬಂಡೆಯ ಎತ್ತರ ಬರೆಯುತ್ತಾರೆ. ನನಗೆ ಈ ನೀರಿನ ಕೊಡವೇ ದೊಡ್ಡದು.

ಸುಣ್ಣಕಲ್ಲಿನ ವಿಚಾರವಾಗಿ ಇನ್ನೊಂದು ಮಾತು. ಇಷ್ಟು ಸುಣ್ಣ ಬೆಟ್ಟದಲ್ಲಿ ನಿಂತಿದ್ದರೂ ಕರಾವಳಿಯ ಮನೆಗಳ ಗೋಡೆಗೂ ಕವಳದ ತಟ್ಟೆಗೂ ಸುಣ್ಣ ಬಂದದ್ದು ಸಮುದ್ರದ ಕಡೆಯಿಂದ. ಅಘನಾಶಿನಿಯ ಅಳಿವೆಯಲ್ಲಿ ಬೆಳಚಿನ ಚಿಪ್ಪು ಅಗೆದು, ಭಟ್ಟಿಯಲ್ಲಿ ಸುಟ್ಟು, ನೀರು ಚಿಮುಕಿಸಿ ಸುಣ್ಣ ಮಾಡುವುದು ನಮ್ಮಲ್ಲಿ ಹಳೆಯ ಕಸುಬು. ಯಾಣದ ಕಲ್ಲಿಗೆ ಉಳಿ ಮುಟ್ಟಿಸಿದ ಗುರುತು ನಾನು ನಡೆದಲ್ಲೆಲ್ಲೂ ಕಾಣಲಿಲ್ಲ. ಬಾಗಲಕೋಟೆ, ವಾಡಿ, ಶಹಾಬಾದಿನ ಸುಣ್ಣಕಲ್ಲು ಸಿಮೆಂಟಾಗಿ ಮೂಟೆಯಲ್ಲಿ ಹೊರಟಿತು. ಇಲ್ಲಿ ಭೈರವ ಕೂತಿದ್ದ, ಅದಕ್ಕೂ ಮೊದಲು ಗಾಡಿ ಬರುವ ದಾರಿ ಇರಲಿಲ್ಲ.

ಗಾಡಿದಾರಿ ಬೇರೆ ಕಡೆ ಆಯಿತು. 19ನೇ ಶತಮಾನದಲ್ಲಿ ಧಾರವಾಡದ ಹತ್ತಿ ಕುಮಟಾ ಬಂದರಿಗೆ ಇಳಿಯತೊಡಗಿತು. ಕುಮಟಾ ಎಂಬುದು ವಿದೇಶೀ ಮಾರುಕಟ್ಟೆಯಲ್ಲಿ ಒಂದು ಜಾತಿಯ ಹತ್ತಿಯ ಹೆಸರೇ ಆಗಿಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯದಕ್ಕೆ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ಗಾಡಿರಸ್ತೆಗೆ ಹತ್ತಿ, ಅಡಿಕೆ, ಮೆಣಸು ಎಲ್ಲ ಹೊರಳಿದವು. ಹೊರೆಗಲ್ಲುಗಳಿಗೆ ಕೆಲಸ ತಪ್ಪಿತು. ಜಾಡಿನಲ್ಲಿ ಉಳಿದವರು ಭಕ್ತರು ಮತ್ತು ಕಾಡಿನವರು.

ಕಾಡಿನವರಿಗೂ ಆ ಕಾಲ ಒಳ್ಳೆಯದಾಗಿರಲಿಲ್ಲ. 1878ರ ಅರಣ್ಯ ಕಾಯ್ದೆ ಬಂದು ಕಾಡು ಸರಕಾರದ್ದಾಯಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಕಟ್ಟುಪಾಡು ಬಿತ್ತು. ಅದರ ಮೇಲೆ ಮಲೇರಿಯಾ, ಪ್ಲೇಗು, 1918ರ ಇನ್‌ಫ್ಲುಯೆಂಜಾ. 1901ರಿಂದ 1921ರ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷದಿಂದ ನಾಲ್ಕು ಲಕ್ಷಕ್ಕೆ ಇಳಿಯಿತು. ದೇಶದ ಬೇರೆ ಕಡೆ ತಲೆ ಎಣಿಕೆ ನಿಂತಿರಬಹುದು, ಇಲ್ಲಿ ಒಂಬತ್ತು ಮನೆಗೆ ಒಂದು ಮನೆ ಬರಿದಾದ ಲೆಕ್ಕ. ಘಟ್ಟದ ಬುಡದ ಹಳ್ಳಿಗಳಿಗೆ ಜ್ವರದ ಪೆಟ್ಟು ಹೆಚ್ಚು. ಇಳಿಯುವಾಗ ಹುಡುಗ ದಾರಿ ಬಿಟ್ಟು ಸ್ವಲ್ಪ ಒಳಗೆ ಕರೆದೊಯ್ದ. ಕಾಡುಮರಗಳ ನಡುವೆ ಸಾಲಾಗಿ ಮೂರು ಹಳೆಯ ಹಲಸು, ಪಾಗಾರದ ಕಲ್ಲುಗಳು, ಮಣ್ಣು ತುಂಬಿದ ಒಂದು ಗುಂಡಿ. "ಯಾರೋ ಇದ್ದಿದ್ರು, ನಮ್ ಅಜ್ಜಗೂ ಹೆಸ್ರು ಗೊತ್ತಿಲ್ಲ" ಎಂದ. ಯಾಣ ಒಂದು ಕಾಲಕ್ಕೆ ದೊಡ್ಡ ಊರಾಗಿತ್ತೆಂಬ ಮಾತು ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಇದೆ. ಹಲಸಿನ ಸಾಲು ನೋಡಿದವರು ಆ ಮಾತನ್ನು ತಳ್ಳಿಹಾಕಲಾರರು.

ಇದೇ ಸೀಮೆಯ ಉಂಚಳ್ಳಿ ಜಲಪಾತಕ್ಕೆ 1845ರಲ್ಲಿ ಅದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ನನ ಹೆಸರು ಅಂಟಿತು. ಯಾಣಕ್ಕೆ ಯಾವ ಸಾಹೇಬನ ಹೆಸರೂ ಅಂಟಲಿಲ್ಲ. ಅದಕ್ಕೆ ಹೆಸರು ತಂದುಕೊಟ್ಟದ್ದು ಸಿನೆಮಾ. 1990ರ ದಶಕದಲ್ಲಿ ಸುನೀಲ್ ಕುಮಾರ್ ದೇಸಾಯಿಯವರ 'ನಮ್ಮೂರ ಮಂದಾರ ಹೂವೆ' ಬಂತು. ಶಿವರಾಜಕುಮಾರ್, ರಮೇಶ್, ಪ್ರೇಮಾ ಇದ್ದ ಆ ಚಿತ್ರದಲ್ಲಿ ಕರಿಬಂಡೆಗಳನ್ನು ಕಂಡ ಬಯಲುಸೀಮೆಯ ಜನ ಬಸ್ಸು ಮಾಡಿಕೊಂಡು ಹೊರಟರು. ಆ ಚಿತ್ರ ನನಗೂ ಇಷ್ಟ. ಜನ ಬಂದದ್ದರಿಂದ ಸುತ್ತಲಿನ ಹಳ್ಳಿಗಳಿಗೆ ರಸ್ತೆಯಾಯಿತು, ಬಸುರಿಯರನ್ನು ಕಂಬಳಿಯಲ್ಲಿ ಹೊತ್ತು ಇಳಿಸುವುದು ತಪ್ಪಿತು. ಹಳೆಯ ದಾರಿಯ ಮೋಹಕ್ಕೆ ನಾನು ಇದನ್ನು ಮರೆಯಲಾರೆ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಣೆಯಾದದ್ದೂ ಒಳ್ಳೆಯದೇ ಆಯಿತು.

ಆದರೆ ರಸ್ತೆ ಬಂದ ಮೇಲೆ ಗೋಕರ್ಣದ ನೀರು ಜೀಪಿನಲ್ಲಿ ಹೋಗುತ್ತದೆ. ಕಾಲುದಾರಿಯನ್ನು ಸವರುವವರಿಲ್ಲ. ನಾವು ನಡೆದಲ್ಲಿ ಕೆಲವು ಕಡೆ ಹುಡುಗನಿಗೂ ಜಾಡು ತಪ್ಪುತ್ತಿತ್ತು. ಆಗ ಅವನು ನಿಂತು, ಹಳೆಯ ಮಾವಿನ ಮರ ಎಲ್ಲಿದೆ ಎಂದು ಹುಡುಕಿ, ಅದರ ಕಡೆಗೆ ಕತ್ತಿ ಬೀಸುತ್ತಿದ್ದ. ಮಾವಿನ ನೆರಳಿನ ಹತ್ತಿರ ಹೊರೆಗಲ್ಲು ಇರಲೇಬೇಕೆಂದು ಅವನಿಗೆ ಅವನ ಅಜ್ಜ ಕಲಿಸಿದ್ದಾರೆ. ಬಂಡೆಗೆ ಬೇಲಿ, ಫಲಕ, ಮೆಟ್ಟಿಲು ಎಲ್ಲ ಆಗಿವೆ. ಹೊರೆಗಲ್ಲಿಗೆ ಒಂದು ಫಲಕವೂ ಇಲ್ಲ, ಯಾವ ನಕ್ಷೆಯಲ್ಲೂ ನಾನು ಅದನ್ನು ಕಂಡಿಲ್ಲ. ವರ್ಷಕ್ಕೊಮ್ಮೆ, ಜಾತ್ರೆಗೆ ಮುಂಚೆ, ಪಂಚಾಯತಿಯವರೂ ಅರಣ್ಯ ಇಲಾಖೆಯವರೂ ಊರ ಹುಡುಗರಿಗೆ ಕೂಲಿ ಕೊಟ್ಟು ಈ ಜಾಡನ್ನು ಬಿಡಿಸಿಟ್ಟರೆ ಸಾಕು. ನಡೆಯುವವರು ತಾವಾಗಿ ಬರುತ್ತಾರೆ, ದಾರಿ ತೋರಿಸುವವರಿಗೆ ದುಡಿಮೆಯೂ ಆಗುತ್ತದೆ.

ಅಲ್ಲಿಯವರೆಗೆ ಅವನೂ ನಾನೂ ಸೇರಿ ಹೊರೆಗಲ್ಲುಗಳ ಪಟ್ಟಿ ಮಾಡುತ್ತಿದ್ದೇವೆ. ಯಾವ ಹಳ್ಳದ ಯಾವ ಬದಿಗೆ, ಯಾವ ಮರದ ಹತ್ತಿರ, ಕಲ್ಲು ನಿಂತಿದೆಯೋ ಬಿದ್ದಿದೆಯೋ, ಊರವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದೆಲ್ಲ ಅದರಲ್ಲಿ ಬರಬೇಕು. ಘಟ್ಟದ ಕಡೆಯದು ಅವನ ಪಾಲು, ಮಿರ್ಜಾನಿನಿಂದ ಉಪ್ಪಿನಪಟ್ಟಣದವರೆಗಿನದು ನನ್ನದು. ತೀರ್ಥದ ಕೊಡ ಹೊತ್ತು ನಡೆದ ಮುದುಕಿಯರು ಕೆಲವರು ಆ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮೊದಲು ಅವರ ಮನೆಗಳಿಗೆ ಹೋಗಬೇಕು. ಕಲ್ಲುಗಳನ್ನು ಆಮೇಲೆ ಹುಡುಕಿದರೂ ನಡೆಯುತ್ತದೆ.