‘ಉಪ್ಪು ಹೆಚ್ಚು’ ಅಂತ ಬರೆಸಿದ ಫಿನ್ಲೆಂಡ್

ಇವತ್ತಿನ ಕಥೆ ಫಿನ್ಲೆಂಡಿನದು. 1970ರ ದಶಕದಲ್ಲಿ ಅಲ್ಲಿನ ಜನ ದಿನಕ್ಕೆ ಸುಮಾರು 12 ಗ್ರಾಂ ಉಪ್ಪು ತಿನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳೋದು 5 ಗ್ರಾಂಗಿಂತ ಕಡಿಮೆ. ಹೃದಯದ ಕಾಯಿಲೆಯಿಂದ ನಡುವಯಸ್ಸಿನ ಗಂಡಸರು ಸಾಯೋದು ಮಾಮೂಲಾಗಿತ್ತು. 1972ರಲ್ಲಿ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ಜನರ ಊಟದ ರೂಢಿ ಬದಲಿಸೋ ಯೋಜನೆ ಶುರುವಾಯ್ತು. ಆದ್ರೆ ಮನೆಯವರಿಗೆ ಬುದ್ಧಿ ಹೇಳಿದರಷ್ಟೇ ಸಾಲದು; ಬ್ರೆಡ್, ಸಾಸೇಜ್, ಚೀಸ್‌ಗೆ ಉಪ್ಪು ಬೀಳೋದು ಕಾರ್ಖಾನೆಯಲ್ಲಿ.

1993ರಲ್ಲಿ ಕಾನೂನು ಬಂತು. ಇಂಥ ತಿನಿಸುಗಳಲ್ಲಿ ಉಪ್ಪು ಮಿತಿ ಮೀರಿದರೆ ಪೊಟ್ಟಣದ ಮೇಲೆ ‘ಉಪ್ಪು ಹೆಚ್ಚು’ ಅಂತ ಬರೀಬೇಕು. ನಿಷೇಧ ಇಲ್ಲ. ಕಾಮರ್ಸ್ ಓದಿದ ನನಗೆ ಮುಂದಿನ ಭಾಗವೇ ಮುಖ್ಯ: ಆ ಹಣೆಪಟ್ಟಿ ಹೊತ್ತ ಮಾಲು ಮಾರೋದು ಕಂಪನಿಗಳಿಗೆ ಬೇಕಿರಲಿಲ್ಲ. ಎಷ್ಟೋ ಕಂಪನಿಗಳು ಉಪ್ಪನ್ನೇ ಇಳಿಸಿದವು. 2002ರ ಹೊತ್ತಿಗೆ ಜನ ತಿನ್ನೋ ಉಪ್ಪು 9 ಗ್ರಾಂ ಆಸುಪಾಸಿಗೆ ಬಂದಿತ್ತು.

ನಮ್ಮಲ್ಲೂ 2018ರಲ್ಲಿ ಎಫ್‌ಎಸ್‌ಎಸ್‌ಎಐ ಕೆಂಪು ಗುರುತಿನ ಕರಡು ತಂದಿತ್ತು. ಉದ್ಯಮದವರು ಆಕ್ಷೇಪ ಎತ್ತಿದರು, ಕರಡನ್ನ ತಡೆಹಿಡಿದರು. ಮನೆಯ ಸಾರಿಗೆ ಎಷ್ಟು ಉಪ್ಪು ಅಂತ ತೀರ್ಮಾನಿಸೋದು ನಾವೇ. ಚಿಪ್ಸ್‌ಗೆ ಬೇರೆ ಯಾರೋ ತೀರ್ಮಾನಿಸಿರ್ತಾರೆ. ಅದನ್ನ ಪೊಟ್ಟಣದ ಮುಂಭಾಗದಲ್ಲೇ ಬರೆಸೋದು ಸರ್ಕಾರದ ಕೆಲಸ ಅಂತ ನನಗನ್ನಿಸುತ್ತೆ.