ಸೇದಿದ್ದು ಅದೇ ಸೊಪ್ಪು, ತೀರ್ಪು ಬೇರೆ ಬೇರೆ

ಒಬ್ಬ ಮನುಷ್ಯನ ಕಥೆಯನ್ನು ಎರಡೇ ಪದದಲ್ಲಿ ಮುಗಿಸಬೇಕು ಅಂದ್ರೆ ನಮ್ಮ ಕಡೆ ‘ಗಾಂಜಾ ಗಿರಾಕಿ’ ಅಂದರೆ ಸಾಕು. ಅವನು ಏನು ಓದಿದ್ದಾನೆ, ಏನು ಕೆಲಸ ಮಾಡ್ತಾನೆ, ಮನೆಯವರನ್ನು ಹೇಗೆ ನೋಡ್ಕೋತಾನೆ ಅಂತ ಆಮೇಲೆ ಯಾರೂ ಕೇಳೋದಿಲ್ಲ.

ಮೊನ್ನೆ ಟಿವಿಯಲ್ಲಿ ಹಳೆಯ ಒಲಿಂಪಿಕ್ಸ್ ಈಜು ಸ್ಪರ್ಧೆ ಬರ್ತಾ ಇತ್ತು. ಮೈಕೆಲ್ ಫೆಲ್ಪ್ಸ್‌ನನ್ನು ನೋಡಿ ನಮ್ಮ ಮಾವ, “ಏನು ಈಜ್ತಾನೋ ಮಾರಾಯ, ಮೀನೇ ಸೈ” ಅಂದರು. “ಇವನೂ ಒಂದ್ಸಲ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದ, ಗೊತ್ತಾ ಮಾವ?” ಅಂದೆ. ಒಂದು ಗಳಿಗೆ ಸುಮ್ಮನಿದ್ದು, “ಅಷ್ಟು ಪದಕ ಗೆದ್ದೋನು, ಒಂದ್ಸಲ ಸೇದಿದ್ರೆ ಏನಾಯ್ತು ಬಿಡೋ” ಅಂದರು. ಇದೇ ಮಾವ ಹಿಂದಿನ ವಾರ ನಮ್ಮ ಬೀದಿಯ ಹುಡುಗನೊಬ್ಬನ ಬಗ್ಗೆ, ಇದೇ ವಿಷಯಕ್ಕೆ, “ಅಂಥವನನ್ನ ಹೊಸ್ತಿಲೊಳಗೆ ಬಿಡಬೇಡ” ಅಂದಿದ್ದರು.

ಮಾವನನ್ನು ದೂರಿ ಪ್ರಯೋಜನವಿಲ್ಲ. ಇಡೀ ಅಮೆರಿಕವೇ ಅರ್ಧ ಶತಮಾನ ಕಾಲ ಇದೇ ಎರಡು ತಕ್ಕಡಿ ಹಿಡಿದುಕೊಂಡು ಕೂತಿತ್ತು. ಆ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಕಾಡೋದು ಒಬ್ಬ ನ್ಯಾಯಾಧೀಶರ ಒಂಬತ್ತು ದಿನ.

1987ರ ಅಕ್ಟೋಬರ್. ಅಧ್ಯಕ್ಷ ರೇಗನ್ ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ರಾಬರ್ಟ್ ಬೋರ್ಕ್ ಅವರನ್ನು ಸೆನೆಟ್ 58–42 ಮತಗಳಿಂದ ತಿರಸ್ಕರಿಸಿತ್ತು. ಮುಖಭಂಗವಾದ ರೇಗನ್ ಅದೇ ತಿಂಗಳ 29ರಂದು ಡಗ್ಲಾಸ್ ಗಿನ್ಸ್‌ಬರ್ಗ್ ಹೆಸರು ಘೋಷಿಸಿದರು. ಇನ್ನೂ 41ರ ಪ್ರಾಯ. ಹಾರ್ವರ್ಡ್‌ನಲ್ಲಿ ಕಾನೂನು ಕಲಿಸಿದವರು, ಒಂದು ವರ್ಷದಿಂದ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶರು. ಅಷ್ಟರಲ್ಲಿ ರೇಡಿಯೋ ವರದಿಗಾರ್ತಿ ನೀನಾ ಟೋಟನ್‌ಬರ್ಗ್ ಒಂದು ಸುದ್ದಿ ತಂದರು: ಈ ಮನುಷ್ಯ ಗಾಂಜಾ ಸೇದಿದ್ದಾರೆ. ಗಿನ್ಸ್‌ಬರ್ಗ್ ಮುಚ್ಚಿಡಲಿಲ್ಲ. ಅರವತ್ತರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಒಂದು ಸಲ, ಎಪ್ಪತ್ತರ ದಶಕದಲ್ಲಿ ಕೆಲವು ಸಲ ಸೇದಿದ್ದು ನಿಜ, ಅದು ತಪ್ಪಾಗಿತ್ತು ಅಂತ ಒಪ್ಪಿಕೊಂಡರು.

ಒಪ್ಪಿಕೊಂಡದ್ದೇ ಮುಳುವಾಯಿತು. ರೇಗನ್ ಸರಕಾರ ಆಗ ಮಾದಕ ವಸ್ತುಗಳ ಮೇಲೆ ಯುದ್ಧ ಸಾರಿತ್ತು. ಅಧ್ಯಕ್ಷರ ಹೆಂಡತಿ ನ್ಯಾನ್ಸಿ ರೇಗನ್ ಶಾಲೆ ಶಾಲೆಗೆ ಹೋಗಿ ‘ಬೇಡ ಅನ್ನಿ’ ಅಂತ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಅಂಥ ಮನೆಯಿಂದಲೇ ಹೆಸರು ಬಂದ ನ್ಯಾಯಾಧೀಶರು ಸೇದಿದ್ದರು ಅಂದ್ರೆ ಹೇಗೆ? ಅನುಭವ ಸಾಲದು, ಕೇಬಲ್ ಟಿವಿ ಷೇರುಗಳಿದ್ದೂ ಅದಕ್ಕೆ ಸಂಬಂಧಪಟ್ಟ ಮೊಕದ್ದಮೆಯಲ್ಲಿ ಕೆಲಸ ಮಾಡಿದ್ದರು ಅನ್ನೋ ಆಕ್ಷೇಪಗಳೂ ಇದ್ದವು. ನಿಜ ಹೇಳಬೇಕಂದ್ರೆ ಒಬ್ಬ ನ್ಯಾಯಾಧೀಶರ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಅವೇ. ಆದರೆ ಅವುಗಳನ್ನು ಕೇಳೋ ತಾಳ್ಮೆ ಯಾರಿಗಿತ್ತು? ನವೆಂಬರ್ 7ಕ್ಕೆ ಗಿನ್ಸ್‌ಬರ್ಗ್ ಹಿಂದೆ ಸರಿದರು. ಕೆಲಸದಲ್ಲಿದ್ದ ಲೋಪವನ್ನು ಅಳೆಯುವ ಮೊದಲೇ ಹೊಗೆ ಎಲ್ಲವನ್ನೂ ಮುಚ್ಚಿತ್ತು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಅದೇ ದಿನಗಳಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧೆಗಿಳಿದಿದ್ದ ಆಲ್ ಗೋರ್ ಮತ್ತು ಬ್ರೂಸ್ ಬ್ಯಾಬಿಟ್, ತಾವೂ ಹಿಂದೆ ಸೇದಿದ್ದೆವು ಅಂದರು. ಅವರ ತಲೆ ಮೇಲೆ ಆಕಾಶ ಬೀಳಲಿಲ್ಲ. ಗೋರ್ ಮುಂದೆ ಉಪಾಧ್ಯಕ್ಷರೇ ಆದರು. 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರಿಸಲಾದ ಕ್ಲಾರೆನ್ಸ್ ಥಾಮಸ್ ಕೂಡ ಓದುವ ಕಾಲದಲ್ಲಿ ಗಾಂಜಾ ಸೇದಿದ್ದರು ಅಂತ ಶ್ವೇತಭವನವೇ ಹೇಳಿತು. ಅವರ ನೇಮಕದ ಬಗ್ಗೆ ದೊಡ್ಡ ರಾದ್ಧಾಂತ ನಡೆದದ್ದು ಬೇರೆ ಕಾರಣಕ್ಕೆ. ಗಾಂಜಾ ಲೆಕ್ಕಕ್ಕೇ ಬರಲಿಲ್ಲ. 1992ರಲ್ಲಿ ಬಿಲ್ ಕ್ಲಿಂಟನ್, ಇಂಗ್ಲೆಂಡಿನಲ್ಲಿ ಓದುವಾಗ ಒಂದೆರಡು ಸಲ ಸೇದಿದೆ, ಆದರೆ ಹೊಗೆ ಒಳಗೆ ಎಳೆದುಕೊಳ್ಳಲಿಲ್ಲ ಅಂದರು. ಊರೆಲ್ಲ ನಕ್ಕಿತು, ನಕ್ಕು ಗೆಲ್ಲಿಸಿತು. ಮುಂದೆ ಬರಾಕ್ ಒಬಾಮಾ, ಎಳೆದುಕೊಂಡೆ, ಅದಕ್ಕೇ ತಾನೇ ಸೇದೋದು ಅನ್ನೋ ಅರ್ಥದಲ್ಲಿ ಮಾತಾಡಿ, ಎರಡು ಸಲ ಗೆದ್ದರು.

ಇಪ್ಪತ್ತೇ ವರ್ಷದಲ್ಲಿ ಸೊಪ್ಪು ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಗಿನ್ಸ್‌ಬರ್ಗ್ ಮೇಲ್ಮನವಿ ನ್ಯಾಯಾಲಯದಲ್ಲೇ ಉಳಿದು, 2001ರಿಂದ 2008ರವರೆಗೆ ಅದರ ಮುಖ್ಯ ನ್ಯಾಯಾಧೀಶರಾಗಿದ್ದರು. ಕೆಲಸಕ್ಕೆ ಯೋಗ್ಯರಾಗಿದ್ದರೋ ಇಲ್ಲವೋ ಅನ್ನೋದಕ್ಕೆ ಇದೂ ಒಂದು ಉತ್ತರ. ಅವರಿಗೆ ಸಿಗದ ಕುರ್ಚಿ ಆಂಥೊನಿ ಕೆನಡಿ ಅವರಿಗೆ, 97–0 ಮತಗಳಿಂದ, ಸಿಕ್ಕಿತು. ಸಲಿಂಗ ವಿವಾಹಕ್ಕೆ ದೇಶದಾದ್ಯಂತ ಮಾನ್ಯತೆ ಕೊಟ್ಟ 2015ರ ತೀರ್ಪು 5–4ರಲ್ಲಿ ಬಂತಲ್ಲ, ಅದನ್ನು ಬರೆದವರು ಕೆನಡಿ. ಎಂದೋ ಸೇದಿದ ಗಾಂಜಾ ಒಂದು ದೇಶದ ಕಾನೂನಿನ ದಾರಿಯನ್ನೇ ತಿರುಗಿಸಿತು ಅಂದ್ರೆ ಅತಿಶಯೋಕ್ತಿ ಆಗಲಿಕ್ಕಿಲ್ಲ.

ಹೀಗೆ ಬಲಿಯಾಗೋದು ಬೇಡ ಅಂದವರು ಬಾಯಿ ಮುಚ್ಚಿಕೊಂಡರು. 1971ರಲ್ಲಿ ಹಾರ್ವರ್ಡ್‌ನ ಮನೋವೈದ್ಯ ಲೆಸ್ಟರ್ ಗ್ರಿನ್‌ಸ್ಪೂನ್ ಗಾಂಜಾ ಬಗ್ಗೆ ಒಂದು ಪುಸ್ತಕ ತಂದರು. ಅದರಲ್ಲಿ ‘ಮಿಸ್ಟರ್ ಎಕ್ಸ್’ ಎಂಬ ಅನಾಮಧೇಯ ವಿಜ್ಞಾನಿಯೊಬ್ಬರು ತಮ್ಮ ಅನುಭವ ಬರೆದಿದ್ದರು. ಆ ಎಕ್ಸ್ ಯಾರು ಅನ್ನೋದು ಲೋಕಕ್ಕೆಲ್ಲ ತಿಳಿದದ್ದು 1999ರಲ್ಲಿ, ಅವರು ತೀರಿಕೊಂಡು ಮೂರು ವರ್ಷಕ್ಕೆ. ಅವರು ಕಾರ್ಲ್ ಸೇಗನ್! ‘ಕಾಸ್ಮಾಸ್’ ಸರಣಿಯ ಮೂಲಕ ಕೋಟ್ಯಂತರ ಜನರಿಗೆ ಆಕಾಶ ತೋರಿಸಿದ ಮೇಷ್ಟ್ರು. ನಾಸಾ ಜೊತೆ ಕೆಲಸ ಮಾಡುತ್ತಿದ್ದ ಪ್ರಾಧ್ಯಾಪಕರೊಬ್ಬರು ಆಗ ಹೆಸರು ಹಾಕಿ ಬರೆದಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ನೋಡಿ, ಸೇಗನ್ನೇ ಸೇದುತ್ತಿದ್ದರು, ಅದಕ್ಕೇ ಅಷ್ಟು ಬುದ್ಧಿ’ ಅಂತ ಕುಣಿಯುವ ಹುಡುಗರಿದ್ದಾರೆ. ಅದೂ ಮಾವನ ತಕ್ಕಡಿಯೇ, ತಿರುಗಿಸಿ ಹಿಡಿದದ್ದು ಅಷ್ಟೆ. ಸೇದಿ ಗೆದ್ದವರ ಹೆಸರು ನಮಗೆ ಗೊತ್ತಿರುತ್ತೆ. ಸೇದಿ ಓದು ಬಿಟ್ಟವರ, ಚಟ ಹತ್ತಿಸಿಕೊಂಡವರ, ಎಳೆ ವಯಸ್ಸಿನಲ್ಲಿ ಶುರುಮಾಡಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಬರೋದಿಲ್ಲ. ಗೆಲುವು ಗಾಂಜಾಕ್ಕೆ ಸರ್ಟಿಫಿಕೇಟ್ ಅಲ್ಲ. ಹಾಗೇ ಗಾಂಜಾ ಗೆಲುವಿಗೆ ಕಳಂಕವೂ ಅಲ್ಲ. ಅಮಲು ಕೆಲಸದೊಳಗೆ ಕಾಲಿಟ್ಟರೆ, ಬಸ್ಸು ಓಡಿಸುವವನೋ ಆಪರೇಷನ್ ಮಾಡುವ ಡಾಕ್ಟರೋ ಅಮಲಿನಲ್ಲಿದ್ದರೆ, ಆಗ ಖಂಡಿತ ತೀರ್ಪು ಕೊಡೋಣ.

ಮತ್ತೆ ಫೆಲ್ಪ್ಸ್ ಹತ್ತಿರ ಬರೋಣ. 2008ರಲ್ಲಿ ಬೀಜಿಂಗ್‌ನಲ್ಲಿ ಎಂಟು ಚಿನ್ನ ಗೆದ್ದ ಕೆಲವೇ ತಿಂಗಳಿಗೆ, ದಕ್ಷಿಣ ಕ್ಯಾರೊಲಿನಾದ ಒಂದು ಪಾರ್ಟಿಯಲ್ಲಿ ಗಾಜಿನ ಕೊಳವೆಗೆ ಬಾಯಿಟ್ಟ ಅವನ ಫೋಟೋ ಪತ್ರಿಕೆಯಲ್ಲಿ ಬಂತು. ಕ್ಷಮೆ ಕೇಳಿದ. ಈಜು ಸಂಸ್ಥೆ ಮೂರು ತಿಂಗಳು ಹೊರಗಿಟ್ಟಿತು, ಕೆಲಾಗ್ ಕಂಪನಿ ಜಾಹೀರಾತು ಒಪ್ಪಂದ ಮುಂದುವರಿಸಲಿಲ್ಲ. ಪೊಲೀಸರು ತನಿಖೆ ಮಾಡಿ, ಅವನ ಮೇಲೆ ಕೇಸು ಹಾಕೋದಿಲ್ಲ ಅಂದರು. ಆಮೇಲೆ ಲಂಡನ್, ರಿಯೋ. ಒಟ್ಟು 28 ಪದಕ, 23 ಚಿನ್ನ. ಆದರೆ ಅದೇ ತನಿಖೆಯಲ್ಲಿ ಬೇರೆ ಕೆಲವರ ಬಂಧನವಾಗಿತ್ತು. ಅವರ ಹೆಸರು ಯಾರಿಗಾದರೂ ನೆನಪಿದೆಯಾ?

ನನ್ನ ತಕರಾರು ಇರೋದು ಇಲ್ಲೇ. 2001ರಿಂದ 2010ರವರೆಗೆ ಅಮೆರಿಕದಲ್ಲಿ ಗಾಂಜಾಕ್ಕೆ ಸಂಬಂಧಿಸಿದ 80 ಲಕ್ಷಕ್ಕೂ ಹೆಚ್ಚು ಬಂಧನಗಳಾದವು ಅಂತ ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2013ರಲ್ಲಿ ವರದಿ ಕೊಟ್ಟಿತು. ಶೇಕಡಾ 88ರಷ್ಟು ಬಂಧನಗಳು ಮಾರಿದ್ದಕ್ಕಲ್ಲ, ಬರೀ ಹತ್ತಿರ ಇಟ್ಟುಕೊಂಡಿದ್ದಕ್ಕೆ. ಬಿಳಿಯರೂ ಕರಿಯರೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಸೇದಿದರೂ ಕರಿಯರು ಬಂಧನವಾಗುವ ಸಂಭವ ಸುಮಾರು 3.7 ಪಟ್ಟು. ಈ ಹತ್ತು ವರ್ಷ ಶ್ವೇತಭವನದಲ್ಲಿದ್ದವರಲ್ಲಿ ಒಬ್ಬರು ತಾವೇ ಸೇದಿದ್ದಾಗಿ ಬರೆದುಕೊಂಡವರು! ಹುಡುಗನಾಗಿದ್ದಾಗ ಅವರ ಜೇಬಿಗೆ ಪೊಲೀಸಿನವನೊಬ್ಬ ಕೈ ಹಾಕಿದ್ದರೆ ಅಮೆರಿಕಕ್ಕೆ ಒಬಾಮಾ ಅನ್ನೋ ಅಧ್ಯಕ್ಷ ಸಿಗುತ್ತಿದ್ದರಾ? 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್, ಬರೀ ಗಾಂಜಾ ಇಟ್ಟುಕೊಂಡಿದ್ದಕ್ಕೆ ಫೆಡರಲ್ ಕಾನೂನಿನಡಿ ಶಿಕ್ಷೆಯಾದವರಿಗೆ ಕ್ಷಮಾದಾನ ಕೊಟ್ಟರು. ಕ್ಷಮೆ ಬಂತು, ಕಳೆದುಹೋದ ಕೆಲಸವೂ ವರ್ಷಗಳೂ ಬರಲಿಲ್ಲ.

ಗೆದ್ದವರನ್ನು ಗಾಂಜಾ ಇಟ್ಟು ಅಳೆಯಬೇಕಾ ಅಂದ್ರೆ, ಬೇಡ ಅನ್ನೋದೇ ನನ್ನ ಉತ್ತರ. ಆದರೆ ಆ ರಿಯಾಯಿತಿ ಗೆದ್ದವರಿಗೆ ಮಾತ್ರ ಅಂತಾದರೆ ಅದು ಕ್ಷಮೆಯಲ್ಲ, ಮುಖಸ್ತುತಿ. ಗೆಲ್ಲುವ ಮೊದಲು ಎಲ್ಲರೂ ಯಾವುದೋ ಒಂದು ಬೀದಿಯ ಹುಡುಗರೇ ತಾನೇ.

ಇದನ್ನೇ ಮಾವನಿಗೂ ಹೇಳಿದೆ. “ಅದೆಲ್ಲ ಸರಿ ಕಣೋ, ಆ ಹುಡುಗ ಈಜ್ತಾನಾ?” ಅಂದರು. ಈಜಲಿ ಬಿಡಲಿ ಮಾವ, ಮೊದಲು ಒಂದು ಸಲ ಹೊಸ್ತಿಲೊಳಗೆ ಕರೆದು ಕೂರಿಸಿ ಮಾತಾಡಿಸೋಣ ಅಂದೆ. ಮಾವ ಟಿವಿ ಕಡೆಗೇ ತಿರುಗಿದರು. ಬೇಡ ಅಂತ ಮಾತ್ರ ಅನ್ನಲಿಲ್ಲ.